ಅವಳು ಏಳು ಸಲ ಹೇಳಿದ್ದಳು: ನಗರದಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ನಾನು ದೊಡ್ಡ ನಗರವೊಂದರ ಬಡಾವಣೆ ಸಮಿತಿಯಲ್ಲಿದ್ದೇನೆ. ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಸಮಿತಿಗೆ ಒಂದಿಷ್ಟು ಹಣ ಬಂದಿದೆ. ಕ್ಯಾಮೆರಾ ಹಾಕಿಸೋಣ, ಬೀದಿ ದೀಪ ಹಾಕಿಸೋಣ ಎಂದು ಬಹಳ ಜನ ಹೇಳುತ್ತಿದ್ದಾರೆ. ಅದು ತಪ್ಪು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ಅಷ್ಟರಿಂದ ದೌರ್ಜನ್ಯ ಕಮ್ಮಿ ಆಗುತ್ತಾ? ನಿಜವಾಗಿ ಕೆಲಸಕ್ಕೆ ಬರುವುದು ಯಾವುದು? ಎಲ್ಲಿಂದ ಶುರುಮಾಡಬೇಕು? ಇನ್ನೊಂದು ಮಾತು. ನಮ್ಮ ಮಹಡಿಯ ಒಂದು ಮನೆಯಿಂದ ಆಗಾಗ ರಾತ್ರಿ ಕೂಗಾಟ, ಏನೋ ಬಿದ್ದ ಸದ್ದು ಕೇಳುತ್ತದೆ. ಬೆಳಗ್ಗೆ ಲಿಫ್ಟ್‌ನಲ್ಲಿ ಆಕೆ ಸಿಕ್ಕರೆ ಏನು ಮಾತಾಡಬೇಕೋ ಗೊತ್ತಾಗದೆ ಸುಮ್ಮನಾಗುತ್ತೇನೆ.

ಉತ್ತರ: ಪಕ್ಕದ ಮನೆಯ ವಿಷಯವನ್ನು ನೀವು ಕೊನೆಗೆ, 'ಇನ್ನೊಂದು ಮಾತು' ಅಂತ ಸೇರಿಸಿದ್ದೀರಿ. ನಾನು ಓದುವಾಗ ನನ್ನ ಕಣ್ಣು ನಿಂತದ್ದು ಅಲ್ಲೇ. ಸಮಿತಿಯ ಪ್ರಶ್ನೆಗೂ ಉತ್ತರ ಆ ಮನೆಯ ಬಾಗಿಲಲ್ಲೇ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಸಮಾಲೋಚನಾ ಕೇಂದ್ರಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಕೂತ ತಕ್ಷಣ ಅದರಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಆಸ್ಪತ್ರೆಯ ಎರಡು ಚೀಟಿ. ಪೊಲೀಸ್ ಠಾಣೆಯಲ್ಲಿ ಕೊಟ್ಟ ಸ್ವೀಕೃತಿ. ಮಗಳ ಶಾಲೆಯಿಂದ ಬಂದ ಪತ್ರ. ಪದೇ ಪದೇ ತಡವಾಗಿ ಬರುತ್ತೀರಿ ಅಂತ ಕೆಲಸದ ಕಡೆ ಕೊಟ್ಟ ಮೆಮೊ. ತನ್ನ ಹೆಸರಲ್ಲಿ ಬೇರೆ ಖಾತೆ ತೆರೆಯಲು ಹೋಗಿ ಅರ್ಧಕ್ಕೆ ಬಿಟ್ಟ ಬ್ಯಾಂಕಿನ ಅರ್ಜಿ. ಗಲಾಟೆ ಜಾಸ್ತಿ ಆಗಿದೆ, ಮನೆ ಖಾಲಿ ಮಾಡಿ ಅಂತ ಮಾಲೀಕರು ಬರೆದ ನೋಟಿಸು. ಒಟ್ಟು ಏಳು.

ಮೊದಲ ಸಲ ಆಸ್ಪತ್ರೆಯಲ್ಲಿ 'ಬಿದ್ದೆ' ಅಂದಿದ್ದಳು. ಎರಡನೇ ಸಲ 'ತಳ್ಳಿದರು' ಅಂದಳು. ಚೀಟಿಯಲ್ಲಿ ಎರಡು ಸಲವೂ ಬರೆದದ್ದು ಪೆಟ್ಟು ಎಲ್ಲಿ, ಔಷಧಿ ಯಾವುದು ಅಂತ ಮಾತ್ರ. ಠಾಣೆಯಲ್ಲಿ 'ಮನೆ ವಿಷಯ, ಕೂತು ಮಾತಾಡಿಕೊಳ್ಳಿ' ಅಂದರಂತೆ. ಶಾಲೆಯವರಿಗೆ ಮಗಳು ತರಗತಿಯಲ್ಲಿ ಮಂಕಾಗಿ ಕೂರುವುದು ಕಂಡಿತ್ತು. ಬ್ಯಾಂಕಿನವರಿಗೆ ಗಂಡನಿಗೆ ಗೊತ್ತಾಗದ ಖಾತೆ ಬೇಕು ಅನ್ನುವುದು ಕೇಳಿಸಿತ್ತು. ಮಾಲೀಕರಿಗೆ ರಾತ್ರಿಯ ಸದ್ದು ಗೊತ್ತಿತ್ತು. ಇವರಲ್ಲಿ ಯಾರೂ ಕಟುಕರಲ್ಲ. ಎಲ್ಲರೂ ತಮ್ಮ ತಮ್ಮ ಕೌಂಟರಿನ ಕೆಲಸ ಮಾಡಿದ್ದರು. ಇಡೀ ಕಥೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅದನ್ನು ಕವರಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಳು.

ದೊಡ್ಡ ನಗರದ ಸಮಸ್ಯೆ ಇದು. ಸಣ್ಣ ಊರಿನಲ್ಲಿ ನಾಲ್ಕು ಜನ ಸೇರಿದರೆ ವಿಷಯ ಒಂದಕ್ಕೊಂದು ಜೋಡಣೆ ಆಗುತ್ತದೆ (ಅದರಿಂದ ಒಳ್ಳೆಯದೇ ಆಗುತ್ತದೆ ಅಂತ ಹೇಳಲಾರೆ, ಅದು ಬೇರೆ ಮಾತು). ನಗರದಲ್ಲಿ ಆಸ್ಪತ್ರೆ ಒಂದು ದಿಕ್ಕು, ಠಾಣೆ ಒಂದು ದಿಕ್ಕು, ಶಾಲೆ ಇನ್ನೊಂದು ದಿಕ್ಕು. ಹೆಣ್ಣುಮಗಳು ಹೇಳುವುದಿಲ್ಲ, ಮುಚ್ಚಿಡುತ್ತಾಳೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಬಹುಪಾಲು ಜನ ಹೇಗೋ ಒಂದು ರೀತಿ ಹೇಳಿಯೇ ಇರುತ್ತಾರೆ. ಅರ್ಧ ವಾಕ್ಯದಲ್ಲಿ ಹೇಳಿರುತ್ತಾರೆ. ಕೇಳಿಸಿಕೊಂಡವರಿಗೆ ಮುಂದೇನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮ ಹಣ, ನಿಮ್ಮ ಸಮಯ ಮೊದಲು ಹೋಗಬೇಕಾದದ್ದು ಅವಳು ಮೊದಲ ಸಲ ಬಾಯಿಬಿಡುವ ಆ ಜಾಗಗಳಿಗೆ.

ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಒಂದೆರಡು ಅಂಕಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡಿದ್ದಾರೆ. ಅದರಲ್ಲಿ ದೊಡ್ಡ ಪಾಲು ಗಂಡ ಅಥವಾ ಸಂಗಾತಿಯದು: ಮದುವೆಯೋ ಸಂಬಂಧವೋ ಇದ್ದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ. ಸಂಗಾತಿ ಅಲ್ಲದವರಿಂದ ಲೈಂಗಿಕ ಹಿಂಸೆ ಆದದ್ದು ಅಂತ ಹೇಳಿದವರು 100ಕ್ಕೆ ಸುಮಾರು 6 ಜನ. ಹೇಳದೆ ಉಳಿದವರು ಇನ್ನೂ ಇದ್ದಾರೆ, ಬಸ್ಸಿನಲ್ಲಿ ಮೈಮುಟ್ಟುವಂಥ ಕಿರುಕುಳ ಈ ಲೆಕ್ಕದಲ್ಲಿ ಇಲ್ಲ. ಆದರೂ ದಿಕ್ಕು ಸ್ಪಷ್ಟ. ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಕೊಲೆಯಾದ ಸುಮಾರು 85,000 ಹೆಂಗಸರು ಮತ್ತು ಹುಡುಗಿಯರಲ್ಲಿ ಸುಮಾರು 51,100 ಮಂದಿಯನ್ನು ಕೊಂದವರು ಸಂಗಾತಿ ಅಥವಾ ಮನೆಯವರೇ. ದಿನಕ್ಕೆ 140 ಜನ. ಬೀದಿ ಕಂಬದ ಮೇಲಿನ ಕ್ಯಾಮೆರಾ ಈ ಮನೆಗಳ ಒಳಗೆ ನೋಡುವುದಿಲ್ಲ, ಅಲ್ವಾ?

ಹಾಗಂತ ದೀಪ ಬೇಡ ಅನ್ನುತ್ತಿಲ್ಲ. ನ್ಯೂಯಾರ್ಕ್‌ನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವದರಲ್ಲಿ ಮಾತ್ರ ಪ್ರಖರವಾದ ದೀಪ ಹಾಕಿ ನೋಡಿದರು. ದೀಪ ಬಂದ ಕಡೆ ರಾತ್ರಿ ಹೊರಗಡೆ ನಡೆಯುವ ಗಂಭೀರ ಅಪರಾಧ ಶೇ 36ರಷ್ಟು ಇಳಿಯಿತು. ಅದು ಎಲ್ಲ ಬಗೆಯ ಅಪರಾಧದ ಲೆಕ್ಕ, ಹೆಣ್ಣುಮಕ್ಕಳ ಮೇಲಿನದು ಮಾತ್ರ ಅಲ್ಲ. ಆದರೂ ಕತ್ತಲ ದಾರಿಯಲ್ಲಿ ದೀಪ ಹಾಕುವುದು ಒಳ್ಳೆಯ ಖರ್ಚೇ. ಆದರೆ ದೀಪ ಎಲ್ಲಿ ಹಾಕಬೇಕು ಅನ್ನುವುದನ್ನು ಸಮಿತಿಯ ಗಂಡಸರು ನಕ್ಷೆ ನೋಡಿ ತೀರ್ಮಾನಿಸಬೇಡಿ. ಟೊರೊಂಟೊದ ಹೆಣ್ಣುಮಕ್ಕಳ ಸಂಘಟನೆಯೊಂದು 1989ರಲ್ಲಿ ಒಂದು ಸರಳ ವಿಧಾನ ಮಾಡಿತು. ಆ ದಾರಿಯಲ್ಲಿ ದಿನಾ ಓಡಾಡುವ ಹೆಂಗಸರೇ ಕತ್ತಲಾದ ಮೇಲೆ ಗುಂಪಾಗಿ ನಡೆದು, ಎಲ್ಲಿ ಹೆದರಿಕೆ ಆಗುತ್ತದೆ, ಯಾಕೆ ಆಗುತ್ತದೆ ಅಂತ ಬರೆದುಕೊಳ್ಳುವುದು. ಆಮೇಲೆ ಅದು ಜಗತ್ತಿನ ಎಷ್ಟೋ ನಗರಗಳಿಗೆ ಹೋಯಿತು. ಖರ್ಚು ಅಂದರೆ ಒಂದು ಪುಸ್ತಕ, ಒಂದು ಪೆನ್ನು, ಒಂದು ಸಂಜೆ.

ಇಂಥ ಒಂದು ನಡಿಗೆಯಲ್ಲಿ ನಾನೂ ಇದ್ದೆ. ಒಂದು ಬಸ್ ನಿಲ್ದಾಣದಲ್ಲಿ ದೀಪ ಚೆನ್ನಾಗೇ ಉರಿಯುತ್ತಿತ್ತು. ಆದರೂ ಅಲ್ಲಿ ನಿಲ್ಲಲ್ಲ ಅಂದಳು ಒಬ್ಬಳು. ಯಾಕೆ ಅಂತ ಕೇಳಿದೆ. 'ನಾನು ಬೆಳಕಲ್ಲಿ ನಿಂತಿರುತ್ತೇನೆ, ಸುತ್ತ ಎಲ್ಲ ಕತ್ತಲೆ. ಅವರಿಗೆ ನಾನು ಕಾಣುತ್ತೇನೆ, ನನಗೆ ಅವರು ಕಾಣಲ್ಲ' ಅಂದಳು. ಹಿಂದಿನ ಜಾಹೀರಾತು ಫಲಕ ತೆಗೆಸಿ, ಪಕ್ಕದ ಕಾಲುದಾರಿಗೆ ಎರಡು ಸಣ್ಣ ದೀಪ ಹಾಕಿಸಿದರೆ ಸಾಕಿತ್ತು. ಇದು ಯಾವ ಕ್ಯಾಮೆರಾದಲ್ಲೂ ಕಾಣುವ ವಿಷಯ ಅಲ್ಲ.

ಬಸ್ಸು, ರೈಲಿನ ಬಗ್ಗೆಯೂ ಇದೇ ಮಾತು. ಕೆನಡಾದ ಮಾಂಟ್ರಿಯಲ್‌ನಲ್ಲಿ ರಾತ್ರಿ ಹೊತ್ತು ಹೆಂಗಸರು ಕೇಳಿದರೆ ಬಸ್ಸನ್ನು ಎರಡು ನಿಲ್ದಾಣಗಳ ನಡುವೆ, ಮನೆಗೆ ಹತ್ತಿರ ಆಗುವ ಕಡೆ ನಿಲ್ಲಿಸುವ ಏರ್ಪಾಡನ್ನು 1996ರಲ್ಲಿ ಶುರುಮಾಡಿದರು. ಕತ್ತಲಲ್ಲಿ ನಡೆಯುವ ದೂರ ಅಷ್ಟು ಕಮ್ಮಿ ಆಯಿತು. ಲಂಡನ್‌ನ ಸಾರಿಗೆಯವರು ಪೊಲೀಸರ ಜೊತೆ ಸೇರಿ 2015ರಲ್ಲಿ ಒಂದು ಪ್ರಚಾರ ನಡೆಸಿದರು. ನಿಮಗಾದದ್ದು ಅಪರಾಧವೋ ಅಲ್ಲವೋ, ಅವನು ಬೇಕಂತಲೇ ಮಾಡಿದನೋ ಇಲ್ಲವೋ ಅಂತ ನೀವು ಸಾಬೀತು ಮಾಡಬೇಕಾಗಿಲ್ಲ, ನಮಗೆ ಹೇಳಿ ಸಾಕು, ಮುಂದಿನದನ್ನು ನಾವು ವಿಚಾರಿಸುತ್ತೇವೆ ಅನ್ನುವುದು ಅದರ ತಿರುಳು. ಮೊಬೈಲ್‌ನಿಂದ ಒಂದು ಸಂದೇಶ ಕಳಿಸಿದರೂ ನಡೆಯುತ್ತಿತ್ತು. ಇದು ದೊಡ್ಡ ವಿಷಯ. ಜನಸಂದಣಿಯಲ್ಲಿ ಯಾರೋ ಮೈಗೆ ಮೈ ಉಜ್ಜಿದಾಗ ಹುಡುಗಿಯ ತಲೆಯಲ್ಲಿ ಮೊದಲು ಬರುವುದು 'ನಾನೇ ತಪ್ಪು ತಿಳಿದುಕೊಂಡೆನಾ' ಅನ್ನುವ ಅನುಮಾನ. ಆ ಅನುಮಾನದ ಭಾರವನ್ನು ಅವಳ ಮೇಲಿನಿಂದ ಇಳಿಸಿ ವಿಚಾರಿಸುವವರ ಮೇಲೆ ಹಾಕಿದರೆ ದೂರು ಬರುತ್ತದೆ. ದೂರು ಬಂದರೆ ಯಾವ ಮಾರ್ಗ, ಯಾವ ಹೊತ್ತು, ಎಂಥವನು ಅಂತ ತಿಳಿಯುತ್ತದೆ. ಒಂದೇ ಮಾರ್ಗದಲ್ಲಿ ದಿನಾ ಅದೇ ಕೆಲಸ ಮಾಡುವವನು ಸಿಕ್ಕಿಬೀಳುವುದು ಹೀಗೆ.

ಹೆಣ್ಣುಮಕ್ಕಳಿಗೇ ಬೇರೆ ಬೋಗಿ ಕೊಡುವುದು ಟೋಕಿಯೊ, ಮೆಕ್ಸಿಕೊ ಸಿಟಿ, ಕೈರೊದಲ್ಲಿ ಇದೆ. ಹತ್ತಿ ಕೂತವರಿಗೆ ನೆಮ್ಮದಿ ಸಿಗುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಮಾಮೂಲಿ ಬೋಗಿ ಹತ್ತಿದವಳಿಗೆ 'ನೀನು ಅಲ್ಲಿ ಯಾಕೆ ಹತ್ತಿದೆ' ಅಂತ ಕೇಳುವ ಕಾಲ ಬರುತ್ತದೆ. ಅದರ ಬಗ್ಗೆ ಎಚ್ಚರ ಇರಲಿ.

ಈಗ ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ಇಲ್ಲೇ ಜಾಸ್ತಿ ಹೇಳಬೇಕಿದೆ.

ಮೊದಲು ಆಸ್ಪತ್ರೆ. ಪೆಟ್ಟು ತಿಂದವಳ ಜೊತೆ ಹೊಡೆದವನೇ ಬಂದಿರುತ್ತಾನೆ. ಏನಾಯ್ತಮ್ಮ ಅಂತ ಡಾಕ್ಟರು ಕೇಳಿದರೆ ಉತ್ತರ ಅವನೇ ಕೊಡುತ್ತಾನೆ. ಅವಳು ನೆಲ ನೋಡುತ್ತಿರುತ್ತಾಳೆ. ನನಗೆ ಗೊತ್ತಿದ್ದ ಒಬ್ಬರು ಹಿರಿಯ ನರ್ಸು ಇಂಥ ಹೊತ್ತಿನಲ್ಲಿ ತುಂಬಾ ಸಹಜವಾಗಿ, 'ಇದನ್ನು ಕೆಳಗಿನ ಕೌಂಟರಿನಲ್ಲಿ ಸೀಲ್ ಹಾಕಿಸಿಕೊಂಡು ಬನ್ನಿ' ಅಂತ ಅವನ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಹತ್ತು ನಿಮಿಷ ಸಿಗುತ್ತಿತ್ತು. ಪರದೆ ಎಳೆದು, ಅವಳ ಎತ್ತರಕ್ಕೆ ಕೂತು, ಮೆಲ್ಲಗೆ ಕೇಳುತ್ತಿದ್ದರು: 'ಈ ಥರ ಪೆಟ್ಟು ನೋಡಿದಾಗ ನಾವು ಎಲ್ಲರನ್ನೂ ಕೇಳುತ್ತೇವೆ. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ?' ಅಷ್ಟೇ. 'ಎಲ್ಲರನ್ನೂ ಕೇಳುತ್ತೇವೆ' ಅನ್ನುವ ಮಾತಿನಿಂದ ಅವಳಿಗೆ ನಾಚಿಕೆ ಕಮ್ಮಿ ಆಗುತ್ತದೆ. ಹೇಳದಿದ್ದರೂ ಪರವಾಗಿಲ್ಲ. ಕೇಳುವವರು ಇಲ್ಲಿ ಇದ್ದಾರೆ ಅಂತ ಗೊತ್ತಾದರೆ ಮುಂದಿನ ಸಲ ಹೇಳುತ್ತಾಳೆ.

ಮತ್ತೊಂದು ಪ್ರಶ್ನೆಯನ್ನು ಎಲ್ಲ ನರ್ಸು, ಡಾಕ್ಟರು, ಪೊಲೀಸರು ಬಾಯಿಪಾಠ ಮಾಡಬೇಕು ಅಂತ ನನ್ನ ಆಸೆ: 'ಅವನು ಯಾವತ್ತಾದರೂ ನಿಮ್ಮ ಕತ್ತು ಹಿಸುಕಿದ್ದಾನಾ?' ಅಮೆರಿಕದಲ್ಲಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ 1980ರ ದಶಕದಲ್ಲಿ, ಪೆಟ್ಟು ತಿಂದ ಹೆಂಗಸರ ಜೊತೆಯೇ ಕೂತು, ಯಾವ ಮನೆಯಲ್ಲಿ ಕೊಲೆ ಆಗುವ ಅಪಾಯ ಜಾಸ್ತಿ ಅಂತ ಅಳೆಯುವ ಪ್ರಶ್ನೆಗಳ ಪಟ್ಟಿ ಮಾಡಿದರು. ಅವರೂ ಸೇರಿ ಮಾಡಿದ, 2008ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಹಿಂದೆ ಒಮ್ಮೆ ಸಂಗಾತಿ ಕತ್ತು ಹಿಸುಕಿದ್ದರೆ ಮುಂದೆ ಅವನ ಕೈಯಲ್ಲೇ ಸಾಯುವ ಸಂಭವ ಏಳು ಪಟ್ಟಿಗಿಂತ ಜಾಸ್ತಿ. ಕೆನ್ನೆಗೆ ಹೊಡೆದದ್ದು ಕೆಂಪಗೆ ಕಾಣುತ್ತದೆ. ಕತ್ತು ಹಿಸುಕಿದ್ದು ಎಷ್ಟೋ ಸಲ ಚರ್ಮದ ಮೇಲೆ ಕಾಣುವುದೇ ಇಲ್ಲ. ದನಿ ಒಡೆದಿರುತ್ತದೆ, ನುಂಗಲು ಕಷ್ಟ ಆಗುತ್ತಿರುತ್ತದೆ, ಕಣ್ಣಲ್ಲಿ ಸಣ್ಣ ಕೆಂಪು ಚುಕ್ಕೆ ಇರುತ್ತವೆ. ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳ ನಂತರವೂ ಪಾರ್ಶ್ವವಾಯು ಆಗಬಹುದು. ಹಾಗಾಗಿ ಯಾರಾದರೂ 'ಸುಮ್ನೆ ಕತ್ತು ಹಿಡಿದರು ಅಷ್ಟೇ' ಅಂದರೆ ಅದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೆರಡು ಅಪಾಯದ ಗುರುತು: ಮನೆಯಲ್ಲಿ ಬಂದೂಕು ಇರುವುದು, ಮತ್ತು ಅವಳು ಬಿಟ್ಟು ಹೋಗುತ್ತೇನೆ ಅಂದ ಹೊತ್ತು. ಎರಡನೆಯದು ಜನರಿಗೆ ಗೊತ್ತಿಲ್ಲ. 'ಅಷ್ಟು ಕಷ್ಟ ಇದ್ದರೆ ಬಿಟ್ಟು ಬಂದುಬಿಡಬಾರದಾ' ಅಂತ ನಾವು ಸಲೀಸಾಗಿ ಹೇಳುತ್ತೇವೆ. ಹಿಡಿತ ಕೈತಪ್ಪುತ್ತಿದೆ ಅಂತ ಅವನಿಗೆ ಗೊತ್ತಾದಾಗ ಹಿಂಸೆ ಏರುತ್ತದೆ. ಬಿಟ್ಟು ಬರುವುದಕ್ಕೆ ತಯಾರಿ ಬೇಕು: ಎಲ್ಲಿಗೆ, ಯಾವ ಹೊತ್ತಿಗೆ, ಮಕ್ಕಳು ಯಾರ ಜೊತೆ, ಕಾಗದಪತ್ರ ಎಲ್ಲಿ. ಫೋನಿನ ಬಗ್ಗೆಯೂ ಯೋಚಿಸಬೇಕು. ಅವಳು ಎಲ್ಲಿದ್ದಾಳೆ ಅಂತ ಅವನಿಗೆ ತೋರಿಸುವ ಆ್ಯಪ್ ಇದ್ದರೆ ತಟ್ಟನೆ ಅಳಿಸಬಾರದು. ಅಳಿಸಿದ ಕ್ಷಣ ಅವನಿಗೆ ತಿಳಿಯುತ್ತದೆ. ಮೊದಲು ಬೇರೆಯವರ ಫೋನಿನಿಂದ ಸಹಾಯ ಕೇಳಬೇಕು.

ಎರಡನೆಯದು ಠಾಣೆ. ಮಧ್ಯಪ್ರದೇಶದ 180 ಪೊಲೀಸ್ ಠಾಣೆಗಳಲ್ಲಿ ನಡೆಸಿದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೆಲವು ಠಾಣೆಗಳಲ್ಲಿ ಹೆಂಗಸರಿಗೆ ಅಂತಲೇ ಸಹಾಯ ಡೆಸ್ಕ್ ಇಟ್ಟರು. ಮರೆ ಇರುವ ಜಾಗ, ತರಬೇತಿ ಆದ ಸಿಬ್ಬಂದಿ, ಹೀಗೆ ಮಾಡಬೇಕು ಅನ್ನುವ ಬರಹದ ನಿಯಮ. ಅದರಲ್ಲಿ ಕೆಲವು ಡೆಸ್ಕ್‌ಗಳನ್ನು ಮಹಿಳಾ ಪೊಲೀಸರೇ ನಡೆಸಿದರು. ಡೆಸ್ಕ್ ಇದ್ದ ಠಾಣೆಗಳಲ್ಲಿ ಹೆಂಗಸರ ಪ್ರಕರಣ ದಾಖಲಾಗುವುದು ಹೆಚ್ಚಿತು. ಎಫ್‌ಐಆರ್ ಹೆಚ್ಚಿದ್ದು ಮುಖ್ಯವಾಗಿ ಮಹಿಳಾ ಅಧಿಕಾರಿಗಳು ಕೂತಿದ್ದ ಡೆಸ್ಕ್‌ಗಳಲ್ಲಿ. 'ಮನೆ ವಿಷಯ' ಅಂತ ವಾಪಸು ಕಳಿಸುತ್ತಿದ್ದದ್ದು ಕಾಗದಕ್ಕೆ ಬಂತು. ನನ್ನ ಬಳಿ ಬಂದವಳು ಹೋಗಿದ್ದ ಠಾಣೆಯಲ್ಲಿ ಇಂಥ ಒಂದು ಮೇಜು ಇದ್ದಿದ್ದರೆ ಅಂತ ಇದನ್ನು ಓದಿದ ದಿನ ತುಂಬಾ ಹೊತ್ತು ಯೋಚಿಸಿದೆ.

ಬಂಧಿಸಿದರೆ ಸರಿಹೋಗುತ್ತಾ ಅಂತ ನಿಮ್ಮ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1981–82ರಲ್ಲಿ ಇದನ್ನು ಪರೀಕ್ಷಿಸಿದರು. ಪೊಲೀಸರು ಬುದ್ಧಿ ಹೇಳಿ ಬಿಟ್ಟ ಗಂಡಸರಿಗಿಂತ ಬಂಧನಕ್ಕೆ ಒಳಗಾದವರು ಮತ್ತೆ ಹೊಡೆದದ್ದು ಕಮ್ಮಿ. ಆಮೇಲೆ ಬೇರೆ ನಗರಗಳಲ್ಲಿ ಮಾಡಿದಾಗ ಉತ್ತರ ಅಷ್ಟು ನೇರವಾಗಿ ಬರಲಿಲ್ಲ. ಕೆಲಸ, ಮರ್ಯಾದೆ ಕಳೆದುಕೊಳ್ಳುವ ಭಯ ಇದ್ದವರು ಸುಮ್ಮನಾದರು. ಕೆಲಸವೇ ಇಲ್ಲದವರು ಕೆಲವು ಕಡೆ ಇನ್ನೂ ಜಾಸ್ತಿ ಹೊಡೆದರು. ಹಾಗಾಗಿ ಬಂಧನ ಬೇಕು, ಆದರೆ ಅವನು ಹೊರಗೆ ಬರುವ ದಿನ ಅವಳ ಪಕ್ಕ ಯಾರಿದ್ದಾರೆ ಅನ್ನುವುದೂ ಅಷ್ಟೇ ಬೇಕು.

ಈ ವಿಷಯದಲ್ಲಿ ನನಗೆ ತುಂಬಾ ಮೆಚ್ಚುಗೆ ಇರುವುದು ಆಸ್ಟ್ರಿಯಾದ 1997ರ ಕಾನೂನಿನ ಮೇಲೆ. ಅಲ್ಲಿ ಪೊಲೀಸರು ಹೊಡೆಯುವವನನ್ನೇ ಆ ಕ್ಷಣ ಮನೆಯಿಂದ ಹೊರಗೆ ಹಾಕಬಹುದು. ಮನೆ ಅವನ ಹೆಸರಲ್ಲಿದ್ದರೂ ಸರಿ. ಈಗಿನ ನಿಯಮದಲ್ಲಿ ಎರಡು ವಾರ ಅವನು ಆ ಕಡೆ ಸುಳಿಯುವ ಹಾಗಿಲ್ಲ. ಅವಳು ಕೋರ್ಟಿಗೆ ಅರ್ಜಿ ಹಾಕಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಏನೆಂದರೆ, ಪೊಲೀಸರು ಅದನ್ನು ಹೆಣ್ಣುಮಕ್ಕಳ ರಕ್ಷಣಾ ಕೇಂದ್ರಕ್ಕೆ ತಿಳಿಸಲೇಬೇಕು. ಕೇಂದ್ರದವರೇ ಅವಳಿಗೆ ಫೋನ್ ಮಾಡುತ್ತಾರೆ. ಅವಳು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪೆಟ್ಟು ತಿಂದವಳೇ ಮಕ್ಕಳನ್ನು ಎತ್ತಿಕೊಂಡು, ಬ್ಯಾಗು ಹಿಡಿದು, ಮಧ್ಯರಾತ್ರಿ ಬೀದಿಗೆ ಬರಬೇಕು ಅನ್ನುವುದನ್ನು ನಾವು ಎಷ್ಟು ಸಹಜ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ ನೋಡಿ. ಆಸರೆ ಮನೆಗಳು ಬೇಕೇ ಬೇಕು, ಹಾಸಿಗೆಗಳು ಯಾವ ನಗರದಲ್ಲೂ ಸಾಲುವುದಿಲ್ಲ. ಆದರೆ ಮಗುವಿನ ಶಾಲೆ, ಅವಳ ಕೆಲಸ, ನೆರೆಹೊರೆ ಎಲ್ಲ ಇರುವ ಮನೆಯಲ್ಲೇ ಅವಳು ಉಳಿಯಲು ಸಾಧ್ಯವಾದರೆ ಅದೇ ಒಳ್ಳೆಯದು.

ಮೂರನೆಯದು ಆ ಕವರಿನ ಕಾಗದಗಳನ್ನು ಒಂದೇ ಮೇಜಿನ ಮೇಲೆ ತರುವುದು. ವೇಲ್ಸ್‌ನ ಕಾರ್ಡಿಫ್‌ನಲ್ಲಿ 2003ರಲ್ಲಿ ಇದನ್ನು ಶುರುಮಾಡಿದರು. ಪೊಲೀಸರು, ಆಸ್ಪತ್ರೆಯವರು, ವಸತಿ ಇಲಾಖೆಯವರು, ಮಕ್ಕಳ ರಕ್ಷಣೆಯವರು, ಹೆಣ್ಣುಮಕ್ಕಳ ಸಂಘಟನೆಯವರು ಗೊತ್ತುಮಾಡಿದ ದಿನ ಸೇರುತ್ತಾರೆ. ಜೀವಕ್ಕೆ ತುಂಬಾ ಅಪಾಯ ಇರುವವರ ಬಗ್ಗೆ ಒಬ್ಬೊಬ್ಬರಾಗಿ, ಯಾರಿಗೆ ಏನು ಗೊತ್ತು ಅಂತ ಹೇಳುತ್ತಾರೆ. ಅಲ್ಲೇ ಯಾರು ಏನು ಮಾಡಬೇಕು ಅಂತ ಹಂಚಿಕೊಳ್ಳುತ್ತಾರೆ. ಒಬ್ಬರು ಬೀಗ ಬದಲಾಯಿಸಿಕೊಡುತ್ತಾರೆ, ಇನ್ನೊಬ್ಬರು ಶಾಲೆಗೆ ತಿಳಿಸುತ್ತಾರೆ, ಇನ್ನೊಬ್ಬರು ಅವನ ಜಾಮೀನಿನ ದಿನಾಂಕ ಗಮನಿಸುತ್ತಾರೆ. ಅವಳು ಅಲ್ಲಿ ಬರುವುದಿಲ್ಲ, ಅವಳ ಪರವಾಗಿ ಮಾತಾಡುವುದಕ್ಕೇ ಒಬ್ಬ ಕಾರ್ಯಕರ್ತೆ ಇರುತ್ತಾಳೆ. ಆಮೇಲೆ ಇದು ಬ್ರಿಟನ್ನಿನ ಬೇರೆ ಕಡೆಗಳಿಗೂ ಹಬ್ಬಿತು. ಅಮೆರಿಕದ ಡುಲುತ್ ಎಂಬ ನಗರ ಇದಕ್ಕೂ ಮೊದಲೇ, 1980ರ ದಶಕದ ಆರಂಭದಲ್ಲಿ, ಪೊಲೀಸ್, ಕೋರ್ಟು, ಸಂಘಟನೆ ಎಲ್ಲವನ್ನೂ ಒಟ್ಟಿಗೆ ಕೆಲಸ ಮಾಡಿಸಲು ಹೊರಟಿತ್ತು.

ಇಲ್ಲಿ ಒಂದು ಎಚ್ಚರಿಕೆ. ಮಾಹಿತಿ ಹಂಚಿಕೊಳ್ಳುವುದು ಅಂದರೆ ಊರಿಗೆಲ್ಲ ಹೇಳುವುದಲ್ಲ. ಅವಳ ಒಪ್ಪಿಗೆ ಇಲ್ಲದೆ ಅವಳ ಮಾತು ಇನ್ನೊಬ್ಬರಿಗೆ ಹೋಗಬಾರದು. ಜೀವಕ್ಕೇ ಅಪಾಯ ಇದ್ದಾಗ ಮಾತ್ರ ಅದಕ್ಕೆ ವಿನಾಯಿತಿ, ಅದನ್ನೂ ಅವಳಿಗೆ ಮೊದಲೇ ಹೇಳಿರಬೇಕು. ವಿಷಯ ಸೋರಿ ಅವನ ಕಿವಿಗೆ ಬಿದ್ದರೆ ಆ ರಾತ್ರಿ ಅನುಭವಿಸುವವಳು ಅವಳು.

ಹುಡುಗಿಯರ ಬಗ್ಗೆ ಬೇರೆಯಾಗಿ ಹೇಳಬೇಕು. ದೊಡ್ಡವರ ಯೋಜನೆಗಳಲ್ಲಿ ಅವರು ಮರೆತೇ ಹೋಗುತ್ತಾರೆ. ವಿಯೆನ್ನಾದಲ್ಲಿ 1990ರ ದಶಕದಲ್ಲಿ ಗಮನಿಸಿದಾಗ, ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಉದ್ಯಾನಗಳಿಂದ ಮಾಯವಾಗುತ್ತಿದ್ದರು. ಹುಡುಗರು ಇರುತ್ತಿದ್ದರು. ಜಾಗ ಒಂದೇ ದೊಡ್ಡ ಆಟದ ಅಂಗಳ ಆಗಿದ್ದಾಗ ಜೋರಿದ್ದವರು ಅದನ್ನು ಹಿಡಿದುಕೊಳ್ಳುತ್ತಿದ್ದರು. 1999ರಲ್ಲಿ ಎರಡು ಉದ್ಯಾನಗಳನ್ನು ಬೇರೆ ಥರ ಮಾಡಿದರು. ಅಂಗಳವನ್ನು ಸಣ್ಣ ಸಣ್ಣ ಭಾಗ ಮಾಡಿ, ಬೇರೆ ಬೇರೆ ಆಟಕ್ಕೆ ಜಾಗ ಕೊಟ್ಟು, ಕಾಲುದಾರಿ ಸರಿಮಾಡಿದರು. ಹುಡುಗಿಯರು ವಾಪಸು ಬಂದರು. ಹುಡುಗರನ್ನು ಯಾರೂ ಓಡಿಸಬೇಕಾಗಲಿಲ್ಲ.

ಶಾಲೆಯ ಒಳಗೂ ಇದೇ. ನ್ಯೂಯಾರ್ಕ್‌ನ 30 ಶಾಲೆಗಳಲ್ಲಿ ಆರು, ಏಳನೇ ತರಗತಿಯ ಮಕ್ಕಳೊಂದಿಗೆ ಒಂದು ಪ್ರಯೋಗ ಆಯಿತು. ಕೆಲವು ಕಡೆ ತರಗತಿಯಲ್ಲಿ ಪಾಠ ಮಾತ್ರ ಮಾಡಿದರು. ಇನ್ನು ಕೆಲವು ಕಡೆ ಮಕ್ಕಳ ಕೈಗೇ ಶಾಲೆಯ ನಕ್ಷೆ ಕೊಟ್ಟು, ನಿಮಗೆ ಎಲ್ಲಿ ಹೆದರಿಕೆ ಆಗುತ್ತದೋ ಅಲ್ಲಿ ಬಣ್ಣ ಹಚ್ಚಿ ಅಂದರು. ಮೆಟ್ಟಿಲ ತಿರುವು, ಶೌಚಾಲಯದ ಮುಂದಿನ ಓಣಿ, ಹೀಗೆ ಬಣ್ಣ ಬಿದ್ದ ಕಡೆ ಶಿಕ್ಷಕರು ನಿಂತರು. ಪಾಠ ಒಂದರಿಂದಲೇ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ನಕ್ಷೆಯ ಕೆಲಸ ನಡೆದ ಶಾಲೆಗಳಲ್ಲಿ ಲೈಂಗಿಕ ಕಿರುಕುಳ, ಹಿಂಸೆ ಕಮ್ಮಿ ಆಯಿತು. ನಿಮ್ಮ ಬಡಾವಣೆಯ ಶಾಲೆಯವರಿಗೆ ಇದನ್ನು ಹೇಳಿ. ಒಂದು ಹಾಳೆ, ಒಂದು ಬಣ್ಣದ ಪೆನ್ಸಿಲ್ಲು ಸಾಕು. ಹುಡುಗಿಯೊಬ್ಬಳಿಗೆ ಬಾಯಲ್ಲಿ ಹೇಳಲಾಗದ್ದನ್ನು ಅವಳು ಬಣ್ಣದಲ್ಲಿ ಹೇಳುತ್ತಾಳೆ.

ಗಂಡಸರು ಬದಲಾಗುತ್ತಾರಾ ಅನ್ನುವ ಪ್ರಶ್ನೆಗೆ ನಾನು ಉಗಾಂಡದ ಕಂಪಾಲಾ ನಗರದ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಬಡವರು ಹೆಚ್ಚಿರುವ ಎಂಟು ಬಡಾವಣೆಗಳಲ್ಲಿ ಅಧ್ಯಯನ ನಡೆಯಿತು. ನಾಲ್ಕರಲ್ಲಿ ಅದೇ ಬಡಾವಣೆಯ ಗಂಡಸರು, ಹೆಂಗಸರಿಗೆ ತರಬೇತಿ ಕೊಟ್ಟು, ಅವರು ತಮ್ಮ ನೆರೆಹೊರೆಯವರ ಜೊತೆ, ಅಂಗಡಿಯ ಮುಂದೆ, ಮನೆಯ ಜಗಲಿಯಲ್ಲಿ ವರ್ಷಗಟ್ಟಲೆ ಮಾತಾಡಿದರು. ಹಿಂಸೆಯ ಬಗ್ಗೆ ಭಾಷಣ ಮಾಡಲಿಲ್ಲ. ಅಧಿಕಾರ ಅಂದರೇನು, ಅದನ್ನು ಮನೆಯಲ್ಲಿ ಹೇಗೆ ಬಳಸುತ್ತೀರಿ ಅಂತ ಮಾತು ತೆಗೆದರು. 2014ರಲ್ಲಿ ಫಲಿತಾಂಶ ಬಂದಾಗ, ಆ ಬಡಾವಣೆಗಳಲ್ಲಿ ಸಂಗಾತಿಯಿಂದ ಪೆಟ್ಟು ತಿಂದ ಹೆಂಗಸರ ಪ್ರಮಾಣ ಉಳಿದವುಗಳಿಗಿಂತ ಶೇ 52ರಷ್ಟು ಕಮ್ಮಿ ಇತ್ತು. ಎಂಟೇ ಬಡಾವಣೆಯ ಅಧ್ಯಯನ, ಹಾಗಾಗಿ ಆ ಅಂಕಿಯನ್ನು ಎಲ್ಲ ಕಡೆಗೂ ಹಾಗೇ ಅನ್ವಯಿಸಬಾರದು. ಆದರೆ ಒಂದು ದಿನದ ಜಾಥಾ, ಬ್ಯಾನರು, ಪ್ರತಿಜ್ಞೆಗಿಂತ ಇದು ಎಷ್ಟೋ ಪಾಲು ನಂಬಬಹುದಾದ ದಾರಿ. ಸಮಯ ಹಿಡಿಯುತ್ತದೆ. ವರ್ಷದ ಕೊನೆಗೆ ತೋರಿಸಲು ಫೋಟೊ ಇರುವುದಿಲ್ಲ. ಸಮಿತಿಯಲ್ಲಿ ಇದಕ್ಕೆ ಪಟ್ಟು ಹಿಡಿಯುವವರು ಒಬ್ಬರಾದರೂ ಬೇಕು, ಅದು ನೀವಾಗಿ.

ಮುಂದಿನ ಸಭೆಗೆ ಹೋಗುವಾಗ ಹೀಗೆ ಹೇಳಿ ನೋಡಿ. ಹಣದ ಒಂದು ಪಾಲು ದೀಪಕ್ಕೆ ಇರಲಿ, ಆದರೆ ಹೆಂಗಸರ ನಡಿಗೆ ಆದ ಮೇಲೆ. ಕ್ಯಾಮೆರಾಕ್ಕೆ ಇಟ್ಟದ್ದರಲ್ಲಿ ದೊಡ್ಡ ಪಾಲು ಒಬ್ಬ ಕಾರ್ಯಕರ್ತೆಯ ಸಂಬಳಕ್ಕೆ ಹೋಗಲಿ. ಹತ್ತಿರದ ಆಸ್ಪತ್ರೆ, ಠಾಣೆ, ಶಾಲೆ ಮೂರಕ್ಕೂ ಓಡಾಡುವ, ಎಲ್ಲರಿಗೂ ಹೆಸರು ಹಿಡಿದು ಗೊತ್ತಿರುವ ಒಬ್ಬಳು. ಉಳಿದದ್ದರಲ್ಲಿ ನರ್ಸುಗಳಿಗೆ, ಕಾವಲುಗಾರರಿಗೆ, ಔಷಧಿ ಅಂಗಡಿಯವರಿಗೆ ತರಬೇತಿ. 2020ರ ಲಾಕ್‌ಡೌನ್‌ನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಔಷಧಿ ಅಂಗಡಿಗೆ ಹೋಗಿ ಒಂದು ಸಂಕೇತದ ಪದ ಹೇಳಿದರೆ ಅಂಗಡಿಯವರು ಸಹಾಯ ಕರೆಸುವ ಏರ್ಪಾಡು ಮಾಡಿದ್ದರು. ಹೊರಗೆ ಹೋಗಲು ನೆಪಗಳೇ ಕಮ್ಮಿ ಇದ್ದ ಕಾಲದಲ್ಲಿ ಔಷಧಿ ತರುವುದು ಒಂದು ನೆಪ ಆಗಿತ್ತು.

ಮತ್ತೆ ಒಂದು ಮಾತನ್ನು ಮೊದಲೇ ಎಲ್ಲರ ಹತ್ತಿರ ಒಪ್ಪಿಸಿಕೊಳ್ಳಿ. ಕೆಲಸ ಸರಿಯಾಗಿ ನಡೆದರೆ ಮೊದಲ ಒಂದೆರಡು ವರ್ಷ ದೂರುಗಳು ಜಾಸ್ತಿ ಆಗುತ್ತವೆ. ಪತ್ರಿಕೆಯಲ್ಲಿ 'ದೌರ್ಜನ್ಯ ಏರಿಕೆ' ಅಂತ ಬರುತ್ತದೆ. ಅಧಿಕಾರಿಗಳು ಗಾಬರಿಯಾಗಿ ದೂರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಡುವುದನ್ನು ನಾನು ಕಂಡಿದ್ದೇನೆ. ಆ ತಪ್ಪು ಆಗದಿರಲಿ. ದೂರಿನ ಸಂಖ್ಯೆಯ ಬದಲು ಬೇರೆಯದನ್ನು ಎಣಿಸಿ: ಮೊದಲ ಸಲ ಹೇಳಿದ ದಿನದಿಂದ ಅವಳಿಗೆ ಸಹಾಯ ಸಿಗಲು ಎಷ್ಟು ದಿನ ಹಿಡಿಯಿತು, ಅವಳು ಎಷ್ಟು ಕಡೆ ಅದೇ ಕಥೆ ಹೇಳಬೇಕಾಯಿತು, ಆರು ತಿಂಗಳ ನಂತರ ಅವಳು ಕ್ಷೇಮವಾಗಿದ್ದಾಳಾ.

ಈಗ ನಿಮ್ಮ ಮಹಡಿಯ ಮನೆ. ಕೂಗು ಕೇಳುವಾಗ ನೀವೊಬ್ಬರೇ ಹೋಗಿ ಮಧ್ಯೆ ನಿಲ್ಲಬೇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ತಡ ಮಾಡದೆ ಪೊಲೀಸರಿಗೆ ಫೋನ್ ಮಾಡಿ. ಅಷ್ಟು ಅಲ್ಲ ಅನ್ನಿಸಿದರೆ ಇಬ್ಬರು ಮೂವರು ಸೇರಿ ಬೆಲ್ ಒತ್ತಿ, ನಿಮ್ಮ ಮನೆಯಲ್ಲೂ ನೀರು ನಿಂತಿದೆಯಾ ಅಂತ ಏನಾದರೂ ಕೇಳಿ. ಹೊರಗೆ ಜನ ಇದ್ದಾರೆ ಅಂತ ಅವನಿಗೆ ಗೊತ್ತಾಗುತ್ತದೆ, ಕೈ ನಿಲ್ಲುತ್ತದೆ. ಹೊಡೆತದ ವಿಷಯವನ್ನು ಅವನ ಮುಂದೆ ಎತ್ತಬೇಡಿ. ನೀವು ಹೋದ ಮೇಲೆ ಅದರ ಲೆಕ್ಕ ಅವಳ ಮೇಲೆ ತೀರುತ್ತದೆ.

ಲಿಫ್ಟ್‌ನಲ್ಲಿ ಆಕೆ ಒಬ್ಬಳೇ ಸಿಕ್ಕಾಗ, 'ರಾತ್ರಿ ಸದ್ದು ಕೇಳಿಸಿತು. ನಿಮ್ಮ ಬಗ್ಗೆ ಯೋಚನೆ ಆಯಿತು. ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ತಟ್ಟಿ' ಅನ್ನಿ. ಏನಾಯಿತು ಅಂತ ಕೆದಕಬೇಡಿ. ಅವಳು 'ಏನಿಲ್ಲ, ಟಿವಿ ಸದ್ದು' ಅಂದರೆ 'ಸರಿ' ಅನ್ನಿ, ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ವಾರ ಮತ್ತೆ ಮಾಮೂಲಿ ಮಾತಾಡಿಸಿ. ಅವಳು ಹೇಳಿದ ದಿನ ಪೂರ್ತಿ ಕೇಳಿ, ನಂಬಿ, 'ನಿಮ್ಮ ತಪ್ಪಲ್ಲ' ಅನ್ನಿ. 'ನಿಮಗೆ ಈಗ ಏನು ಆದರೆ ಒಳ್ಳೆಯದು' ಅಂತ ಅವಳನ್ನೇ ಕೇಳಿ. ಸಹಾಯವಾಣಿಯ ನಂಬರನ್ನು ಅವಳ ಫೋನಿಗೆ ಕಳಿಸಬೇಡಿ, ಅವನು ನೋಡಬಹುದು. ನಿಮ್ಮ ಫೋನಿನಿಂದಲೇ ಮಾಡಿಕೊಡಿ. ಅವಳ ಗುರುತಿನ ಚೀಟಿ, ಮಕ್ಕಳ ಕಾಗದಗಳ ನಕಲು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದಾ ಅಂತ ವಿಚಾರಿಸಿ.

ಇನ್ನೊಂದು ಕೆಲಸವನ್ನು ಇವತ್ತೇ ಶುರುಮಾಡಿ. ಸದ್ದು ಕೇಳಿದ ದಿನ, ಹೊತ್ತು, ಕಿವಿಗೆ ಬಿದ್ದ ಮಾತು ಇದ್ದದ್ದು ಇದ್ದ ಹಾಗೆ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಊಹೆ ಸೇರಿಸಬೇಡಿ. ನನ್ನ ಹತ್ತಿರ ಬಂದಿದ್ದ ಆ ಹೆಣ್ಣುಮಗಳ ಕವರಿಗೆ ಆಮೇಲೆ ಎಂಟನೇ ಕಾಗದ ಒಂದು ಸೇರಿತು. ಕೆಳಗಿನ ಮನೆಯ ಹಿರಿಯಮ್ಮ ಕ್ಯಾಲೆಂಡರಿನ ಹಾಳೆಗಳ ಮೇಲೆ ಹನ್ನೊಂದು ರಾತ್ರಿಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಟ್ಟಿದ್ದರು. ಪಕ್ಕದಲ್ಲಿ ಗಂಟೆ ಎಷ್ಟು ಅಂತ. ವಕೀಲರು ಎಲ್ಲ ಬಿಟ್ಟು ಮೊದಲು ಕೈಗೆ ತೆಗೆದುಕೊಂಡದ್ದು ಅದನ್ನೇ. ಅದರಲ್ಲಿನ ಎರಡು ದಿನಾಂಕ ಆಸ್ಪತ್ರೆಯ ಎರಡು ಚೀಟಿಗಳ ದಿನಾಂಕಕ್ಕೆ ಸರಿಯಾಗಿ ಹೊಂದಿಕೊಂಡಿತ್ತು.